ಭಾನುವಾರದ ಚಿಟ್ಟೆ ಮಾತುಕತೆ: ಬರುವವರು ತಿಳಿಸಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6 ಗಂಟೆಗೆ ಆನ್‌ಲೈನ್‌ನಲ್ಲಿ ಸೇರೋಣ. ವಿಷಯ: ರಾಣಿ ಅಲೆಕ್ಸಾಂಡ್ರಾ ಬರ್ಡ್‌ವಿಂಗ್, ಜಗತ್ತಿನ ಅತಿ ದೊಡ್ಡ ಚಿಟ್ಟೆ. ಪಪುವಾ ನ್ಯೂಗಿನಿಯ ಓರೋ ಪ್ರಾಂತ್ಯದ ಕಾಡು ಬಿಟ್ಟರೆ ಬೇರೆಲ್ಲೂ ಇಲ್ಲ. ಕಂದು ಬಣ್ಣದ ಹೆಣ್ಣಿನ ರೆಕ್ಕೆಯ ಹರವು 25 ಸೆಂ.ಮೀ. ಮೀರಬಹುದು, ನಿಮ್ಮ ಗೇಣು ಅಳೆದು ನೋಡಿ, ಅಂದಾಜು ಸಿಗುತ್ತದೆ. ಗಂಡು ಚಿಕ್ಕದು, ನೀಲಿ-ಹಸಿರು ರೆಕ್ಕೆ, ಹಳದಿ ಹೊಟ್ಟೆ. 1906ರಲ್ಲಿ ಸಂಗ್ರಾಹಕ ಆಲ್ಬರ್ಟ್ ಮೀಕ್ ಇದರ ಮೊದಲ ಮಾದರಿಯನ್ನು ಬಂದೂಕಿನಿಂದ ಹೊಡೆದು ಕೆಳಗಿಳಿಸಿದರು. ಅದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮರಿಹುಳು ತಿನ್ನುವುದು ಈಶ್ವರಿ ಬಳ್ಳಿಯ ಕುಟುಂಬದ ಬಳ್ಳಿಯನ್ನು ಮಾತ್ರ. ಕಾಡು ಕಡಿದು ತಾಳೆ ತೋಟ ಎದ್ದಲ್ಲಿ ಬಳ್ಳಿಯೂ ಇಲ್ಲ, ಚಿಟ್ಟೆಯೂ ಇಲ್ಲ. ಮಾತು ಹೆಚ್ಚು ಇದರ ಮೇಲೆಯೇ ಇರಲಿ.

ಚೌಕಟ್ಟು ಹಾಕಿದ ಚಿಟ್ಟೆ ಕೊಳ್ಳುವ ಬಗ್ಗೆ ಇಬ್ಬರು ಕೇಳಿದ್ದಿರಿ. ದಯವಿಟ್ಟು ಬೇಡ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಅನುಬಂಧದಲ್ಲಿರುವ ಈ ಚಿಟ್ಟೆಯ ಅಂತರರಾಷ್ಟ್ರೀಯ ವ್ಯಾಪಾರ ನಿಷಿದ್ಧ. ಮಾರಾಟದ ಕೊಂಡಿಗಳನ್ನೂ ಇಲ್ಲಿ ಹಾಕಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು ತಿಳಿಸಿ, ಪ್ರಶ್ನೆಯಿದ್ದರೆ ಜೊತೆಗೇ ಬರೆಯಿರಿ. ಕೊಂಡಿಯನ್ನು ಶನಿವಾರ ಕಳುಹಿಸುತ್ತೇನೆ.