ಕ್ಯೂಆರ್ ಕೋಡ್ ಪಕ್ಕ ಒಂದು ಹೆಸರೂ ಇರಲಿ

ಮಾನ್ಯರೇ,

ಕಳೆದ ತಿಂಗಳು ರಾತ್ರಿ ಎರಡು ಗಂಟೆಗೆ ಪಕ್ಕದ ಮನೆ ಅಜ್ಜಿ ಫೋನ್ ಮಾಡಿದರು. ಅವರು ಒಬ್ಬರೇ ಇರೋದು. "ಹಿತ್ತಲಲ್ಲಿ ಯಾರೋ ಓಡಾಡ್ತಿದ್ದಾರೆ ಕಣಮ್ಮ" ಎಂದರು. ನಾನು 112ಕ್ಕೆ ಫೋನ್ ಮಾಡಿದೆ. ಪೊಲೀಸರ ಗಸ್ತು ಗಾಡಿ 'ಹೊಯ್ಸಳ' ಬಂತು. ಒಬ್ಬರು ಎಎಸ್‌ಐ, ಒಬ್ಬರು ಡ್ರೈವರ್. ಟಾರ್ಚ್ ಹಿಡಿದು ಒಗೆಯೋ ಕಲ್ಲಿನ ಹಿಂದೆ, ಸಂಪಿನ ಪಕ್ಕ ಎಲ್ಲ ಹುಡುಕಿದರು. ಸಿಕ್ಕಿದ್ದು ಒಂದು ಹೆಗ್ಗಣ. ಖಾಲಿ ಪೇಂಟ್ ಡಬ್ಬ ಉರುಳಿಸುತ್ತಾ ಇತ್ತು! ಎಎಸ್‌ಐ ನಗಲಿಲ್ಲ. ಹಿತ್ತಲ ಬಾಗಿಲ ಚಿಲಕವನ್ನು ತಾವೇ ಹಾಕಿ ತೆಗೆದು ನೋಡಿ, "ಇದು ಸಡಿಲ ಆಗಿದೆ ಅಜ್ಜಿ, ನಾಳೆನೇ ಬಡಗಿ ಕರೆಸಿ" ಎಂದು ಹೇಳಿ, ಟ್ಯಾಬ್‌ನಲ್ಲಿ ಏನೋ ಒತ್ತಿ ಹೊರಟರು.

ಬೆಂಗಳೂರು ಪೊಲೀಸರನ್ನು ಬೈಯೋದು ಸುಲಭ, ನಾನೂ ಬೈದಿದ್ದೇನೆ. ಅವತ್ತು ಮಾತ್ರ ಬೈಯೋಕೆ ಏನೂ ಸಿಗಲಿಲ್ಲ.

ಆದರೆ ಹೊಯ್ಸಳ ಬರೋದು ಕರೆದಾಗ. ಕರೆಯದೇ ಬರೋದು ಬೀಟ್ ಪೊಲೀಸ್, ಅಂದರೆ ತಮಗೆ ಹಂಚಿದ ಬೀದಿಗಳಲ್ಲಿ (ಅದೇ ಬೀಟ್) ಗಸ್ತು ತಿರುಗೋರು. ನಮ್ಮ ರಸ್ತೆಯಲ್ಲಿ ಮೊದಲು ಮೂಲೆ ಮನೆ ಗೇಟಿಗೆ ತಗಡಿನ ಡಬ್ಬ ಇತ್ತು, ಅದರೊಳಗೆ ಬೀಟ್ ಪುಸ್ತಕ. ರಾತ್ರಿ ಬಂದವರು ಟೈಮ್ ಬರೆದು ಸಹಿ ಹಾಕಬೇಕು. ಪೆನ್ನು ಯಾವಾಗಲೂ ಬರೀತಿರಲಿಲ್ಲ, ಅದು ಬೇರೆ ಮಾತು. ಪೆನ್ನು ಕೇಳೋ ನೆಪದಲ್ಲಿ ಮಾತಾಗುತ್ತಿತ್ತು. "ಮೂರನೇ ಮನೆಯವರು ಊರಿಗೆ ಹೋದ್ರಾ? ಗೇಟ್ ಮುಂದೆ ಪೇಪರ್ ಬಿದ್ದಿದೆ, ತೆಗೆಸಿಬಿಡಿ" ಅನ್ನುತ್ತಿದ್ದರು. ಮನೆ ಖಾಲಿ ಅಂತ ಕಳ್ಳನಿಗೆ ಮೊದಲು ಹೇಳೋದೇ ಆ ಪೇಪರ್ ಅಲ್ವಾ?

ಈಗ ಡಬ್ಬದ ಜಾಗದಲ್ಲಿ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಬೈಕ್ ನಿಲ್ಲುತ್ತದೆ, ಮೊಬೈಲ್ ಹಿಡಿಯುತ್ತಾರೆ, ಬೈಕ್ ಹೋಗುತ್ತದೆ. ಹೆಲ್ಮೆಟ್ ಒಳಗಿನ ಮುಖ ಯಾರದ್ದೋ ಗೊತ್ತಿಲ್ಲ. ಗಸ್ತಿಗೆ ಬಂದಿದ್ದರು ಅನ್ನೋದಕ್ಕೆ ಪಕ್ಕಾ ಲೆಕ್ಕ ಸಿಗುತ್ತದೆ, ಒಪ್ಪುತ್ತೇನೆ. ಹಳೇ ಪುಸ್ತಕದಲ್ಲಿ ಒಂದೇ ಸಲ ನಾಲ್ಕು ದಿನದ ಸಹಿ ಬಿದ್ದಿದ್ದನ್ನೂ ನೋಡಿದ್ದೇನೆ.

ಪ್ರತಿ ಬೀಟ್‌ಗೂ ಒಬ್ಬ ಪೊಲೀಸ್ ಹೊಣೆ ಎಂದು 2017ರಲ್ಲೇ ರಾಜ್ಯದಲ್ಲಿ ವ್ಯವಸ್ಥೆ ಬದಲಾಯಿಸಿದರು. 2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಯಿತು. ನಮ್ಮ ಮನೆಗೂ ಒಬ್ಬರು ಬಂದಿದ್ದರು, ನಂಬರ್ ಕೊಟ್ಟರು. ಮೊನ್ನೆ ಆ ನಂಬರಿಗೆ ಫೋನ್ ಮಾಡಿದರೆ, "ನಾನು ಈಗ ಬೇರೆ ಕಡೆ ಇದ್ದೀನಿ ಅಮ್ಮ" ಎಂದರು. ಅವರ ತಪ್ಪೇನಿಲ್ಲ. ಇವತ್ತು ಫ್ರೀಡಂ ಪಾರ್ಕ್‌ನಲ್ಲಿ ಪ್ರತಿಭಟನೆ, ನಾಳೆ ಗಣೇಶನ ಮೆರವಣಿಗೆ, ನಾಡಿದ್ದು ಚಿನ್ನಸ್ವಾಮಿಯಲ್ಲಿ ಮ್ಯಾಚ್. ಬಂದೋಬಸ್ತ್ ಅಂದ ತಕ್ಷಣ ಠಾಣೆಯಿಂದಲೇ ಜನ ಹೋಗಬೇಕು.

ನಾವೂ ಸಾಚಾ ಅಲ್ಲ. ಪಕ್ಕದವರ ಕಾರು ನಮ್ಮ ಗೇಟಿಗೆ ಅಡ್ಡ ಇದೆ ಅಂತ 112ಕ್ಕೆ ಫೋನ್ ಮಾಡ್ತೇವೆ. ತಿಂಗಳಿಗೊಮ್ಮೆ ನಡೆಯೋ ಜನಸಂಪರ್ಕ ಸಭೆಗೆ ಕರೆದರೆ ಹೋಗೋದಿಲ್ಲ.

ಹಿರಿಯ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಒಬ್ಬರನ್ನು ಒಂದೇ ಬೀಟ್‌ನಲ್ಲಿ ಎರಡು ವರ್ಷವಾದರೂ ಬಿಡಿ. ಬದಲಾದರೆ ಹೊಸಬರನ್ನು ಕರೆತಂದು ಪರಿಚಯ ಮಾಡಿಸಿ. ಕ್ಯೂಆರ್ ಕೋಡ್ ಪಕ್ಕದಲ್ಲಿ ಒಂದು ಗೇಣು ಜಾಗ ಖಾಲಿ ಇದೆ, ಅಲ್ಲಿ ಅವರ ಹೆಸರು ಮತ್ತು ನಂಬರ್ ಅಂಟಿಸಿ. ದೊಡ್ಡ ಅಕ್ಷರದಲ್ಲಿರಲಿ, ಅಜ್ಜಿಗೆ ಕನ್ನಡಕ ಇಲ್ಲದೆ ಕಾಣಬೇಕು.

— ನಿವೃತ್ತ ಶಾಲಾ ಶಿಕ್ಷಕಿ, ಬೆಂಗಳೂರು