ಎಲ್ಲವೂ ಸ್ವಾರ್ಥವೇ?

ಮಾನ್ಯರೆ,

‘ಮನುಷ್ಯ ಮಾಡುವುದೆಲ್ಲ ಸ್ವಾರ್ಥಕ್ಕಾಗಿಯೇ’ ಎಂದು ಭಾನುವಾರದ ಅಂಕಣದಲ್ಲಿ ಬಂದ ಮಾತು ಒಪ್ಪುವಂಥದ್ದಲ್ಲ. 2010ರ ಮೇ 22ರಂದು ಮಂಗಳೂರು ವಿಮಾನ ನಿಲ್ದಾಣದ ಬಳಿಯ ಕೆಂಜಾರಿನ ಕಣಿವೆಗೆ ವಿಮಾನ ಬಿದ್ದಾಗ ಮೊದಲು ಓಡಿ ಬಂದವರಲ್ಲಿ ಸುತ್ತಲಿನ ಊರಿನವರಿದ್ದರು. ಆ ಬೆಂಕಿಯ ಎದುರು ಅವರು ಯಾವ ಲಾಭದ ಲೆಕ್ಕ ಹಾಕಿದ್ದರು? ‘ಆತ್ಮತೃಪ್ತಿಗಾಗಿ’ ಎಂಬುದು ಎಲ್ಲವೂ ಸ್ವಾರ್ಥ ಎನ್ನುವವರ ಸಿದ್ಧ ಉತ್ತರ. ಆದರೆ ಇನ್ನೊಬ್ಬರು ಬದುಕಲಿ ಎಂಬ ಆಸೆಯೇ ಇಲ್ಲದವನಿಗೆ, ಅವರು ಬದುಕಿದರೆ ತೃಪ್ತಿ ಎಲ್ಲಿಂದ ಬರಬೇಕು? ಹಸಿವಿಲ್ಲದವನಿಗೆ ನೀರುದೋಸೆಯೂ ರುಚಿಸದು. ಇಂಗ್ಲೆಂಡಿನ ಪಾದ್ರಿ ಜೋಸೆಫ್ ಬಟ್ಲರ್ 1726ರಲ್ಲಿ ಪ್ರಕಟವಾದ ತಮ್ಮ ಪ್ರವಚನಗಳಲ್ಲಿಯೇ ಈ ಎಡವಟ್ಟನ್ನು ತೋರಿಸಿದ್ದರು.

ಕೊಟ್ಟರೂ ಸ್ವಾರ್ಥ, ಕೊಡದಿದ್ದರೂ ಸ್ವಾರ್ಥ ಎಂದಾದರೆ ಆ ಪದಕ್ಕೆ ಅರ್ಥವೇ ಉಳಿಯದು. (ಚರ್ಚಾಸ್ಪರ್ಧೆಗಳಲ್ಲಿ ನನ್ನ ವಿದ್ಯಾರ್ಥಿಗಳೂ ಇದೇ ಜಾಣತನದಿಂದ ಬಹುಮಾನ ಗಿಟ್ಟಿಸುತ್ತಿದ್ದರು!) ಕಾಲೇಜುಗಳ ಚರ್ಚಾಸ್ಪರ್ಧೆಗಳಲ್ಲಿ ಈ ವಿಷಯವನ್ನು ಇಟ್ಟಾಗ, ಯಾವ ಕೃತ್ಯ ಕಂಡರೆ ತಮ್ಮ ವಾದ ಸುಳ್ಳೆಂದು ಒಪ್ಪುವರು ಎಂಬುದನ್ನು ಸ್ಪರ್ಧಿಗಳು ಮೊದಲೇ ಹೇಳಬೇಕೆಂಬ ನಿಯಮ ಬರಲಿ. ಅಂಕಣಕಾರರೂ ಮುಂದಿನ ವಾರ ಅದನ್ನು ತಿಳಿಸಲಿ.

– ನಿವೃತ್ತ ಉಪನ್ಯಾಸಕ, ಕದ್ರಿ, ಮಂಗಳೂರು