ಮಳೆಗಾಲಕ್ಕೆ ಮುನ್ನ ಮಾಳಿಗೆಯ ಗಾರೆ ಕೆಲಸ: ಭಕ್ತಾದಿಗಳಲ್ಲಿ ದೇಣಿಗೆ ಮನವಿ

ಭಗವದ್ಭಕ್ತರಲ್ಲಿ ವಿಜ್ಞಾಪನೆ.

ಕಳೆದ ಆಶ್ಲೇಷ ಮಳೆಯಲ್ಲಿ ನಮ್ಮ ಕೇಶವಸ್ವಾಮಿಯ ಗುಡಿಯ ನವರಂಗ, ಅಂದರೆ ಕಂಬಗಳ ಒಳಮಂಟಪ, ಸೋರಿದ ಸಂಗತಿ ತಮಗೆಲ್ಲ ತಿಳಿದೇ ಇದೆ. ನಡುವಣ ಭುವನೇಶ್ವರಿಯಿಂದ (ಕೆತ್ತನೆಯ ಒಳಛಾವಣಿಯಿಂದ) ಇಳಿಬಿದ್ದ ಕಲ್ಲಿನ ಬಾಳೆಮೊಗ್ಗಿನ ತುದಿಯಲ್ಲಿ ನೀರು ತೊಟ್ಟಿಕ್ಕುತ್ತಿದ್ದಾಗ, ಅರ್ಚಕರು ಅದರಡಿ ತಾಮ್ರದ ಕೊಳಗವಿಟ್ಟು, ಮಂಗಳಾರತಿಗೆ ಉತ್ತರೀಯದ ಮರೆ ಹಿಡಿದು ಬೆಳಗಿದರು. ಒಂದು ಹೊತ್ತಿನ ಪೂಜೆಯೂ ತಪ್ಪಲಿಲ್ಲ.

ಹೊಯ್ಸಳರ ಕಾಲದ ಎಷ್ಟೋ ಗುಡಿಗಳಲ್ಲಿ ಮೂರ್ತಿ ಭಿನ್ನವಾಗಿ ಪೂಜೆ ನಿಂತುಹೋಗಿದೆ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವನಂತೆ ನಮ್ಮ ಸ್ವಾಮಿಯೂ ಇಂದಿಗೂ ನಿತ್ಯಪೂಜೆಗೊಳ್ಳುತ್ತಿರುವುದು ನಮ್ಮ ಹಿರಿಯರ ಪುಣ್ಯ. ಗೋಡೆಗೆ ಸುಣ್ಣ ಬಳಿಯಲು, ಕಂಬಗಳಿಗೆ ಎಣ್ಣೆಬಣ್ಣ ಹಚ್ಚಲು, ನೆಲಕ್ಕೆ ಟೈಲ್ಸ್ ಹಾಸಲು ದಾನಿಗಳೇ ಮುಂದೆ ಬಂದಾಗಲೂ ಆ ಹಿರಿಯರು ಕೈಮುಗಿದು ಬೇಡವೆಂದರು. ಆದ್ದರಿಂದಲೇ ಚರಕಿಯಲ್ಲಿ ತಿರುಗಿಸಿ ಕಡೆದ ಬಳಪದ ಕಲ್ಲಿನ ಆ ಕಂಬಗಳ ನಯದಲ್ಲಿ ಗರ್ಭಗುಡಿಯ ಮುಂದಣ ಸುಕನಾಸಿಯ ದೀಪ ಇಂದಿಗೂ ಮಿನುಗುತ್ತದೆ, ಜಾಲಂಧ್ರದ (ಕಲ್ಲಿನ ಜಾಲರಿ ಕಿಟಕಿಯ) ಬೆಳಕು ಅಂದಿನಂತೆಯೇ ನೆಲಕ್ಕಿಳಿಯುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾವೂ ಹಿಗ್ಗಿದೆವು. ನಮ್ಮ ಗುಡಿ ಯಾವ ಪಟ್ಟಿಯಲ್ಲೂ ಇಲ್ಲ. ಅದನ್ನು ಕಾಯ್ದಿರುವುದು ಭಕ್ತರೇ.

ತಪ್ಪೂ ನಮ್ಮದೇ ಇದೆ. ಕೆಲವು ವರ್ಷಗಳ ಹಿಂದೆ ಮಾಳಿಗೆಯ ಹಳೆಯ ಗಾರೆ ಬಿರುಕು ಬಿಟ್ಟಾಗ, ಬೇಗ ಮುಗಿಯಲೆಂದು ಸಿಮೆಂಟ್ ಹಾಕಿಸಿದೆವು. ಸಂದುಗಳಲ್ಲಿ ಇಳಿದ ನೀರು ಆ ಪದರದಡಿ ಆರದೆ ನಿಂತು, ಈಗ ಕಂಬಗಳ ತಲೆಯ ಬೋದಿಗೆಗಲ್ಲಿನ ಮೇಲೆ ಬಿಳಿಯ ಉಪ್ಪು ಒಡೆದಿದೆ. ಕೈಯಿಂದ ಸವರಿದರೆ ಕೆತ್ತನೆಯ ಪುಡಿಯೂ ಬೆರಳಿಗೆ ಅಂಟುತ್ತದೆ.

ಆ ಸಿಮೆಂಟನ್ನು ಉಳಿಯಿಂದ ಜೋಪಾನವಾಗಿ ಎಬ್ಬಿಸಿ, ಇಟ್ಟಿಗೆಪುಡಿ, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿದ ಸುಣ್ಣದ ಗಾರೆಯನ್ನೇ ಮತ್ತೆ ಹಾಕಿಸಬೇಕು. ಸುಣ್ಣ ವಾರಗಟ್ಟಲೆ ಕೊಳೆಯಬೇಕು, ಹಾಕಿದ ಗಾರೆ ನಿಧಾನವಾಗಿ ಬಲಿಯಬೇಕು. ಶಿವರಾತ್ರಿಯೊಳಗೆ ಕೆಲಸ ಹಿಡಿಯದಿದ್ದರೆ ಮೃಗಶಿರಾ ಮಳೆಗೆ ಮುಗಿಯದು. ಈ ಕೆಲಸ ಬಲ್ಲ ಹಳೆಯ ಗಾರೆಯವರು ಒಪ್ಪಿದ್ದಾರೆ. ಒಟ್ಟು ಸುಮಾರು 18 ಲಕ್ಷ ರೂಪಾಯಿ ತಗಲಬಹುದು. ಮೂರನೆಯ ಒಂದು ಪಾಲಿನಷ್ಟು ಕೈಸೇರಿದೆ.

ತಾವು ಯಥಾಶಕ್ತಿ ದೇಣಿಗೆಯನ್ನು ದೇವಾಲಯದ ಕಚೇರಿಯಲ್ಲಿ ಸಲ್ಲಿಸಿ ರಸೀದಿ ಪಡೆಯಬೇಕೆಂದು ಪ್ರಾರ್ಥಿಸುತ್ತೇವೆ. ಸುಣ್ಣ, ಬೆಲ್ಲ ಕೊಡುವವರು ಮುಂಚಿತವಾಗಿ ತಿಳಿಸಿದರೆ ಸುಣ್ಣ ಕೊಳೆಹಾಕುವ ತೊಟ್ಟಿ ಸಿದ್ಧಪಡಿಸಲು ಅನುಕೂಲವಾಗುತ್ತದೆ.

ಇಂತಿ,
ಧರ್ಮದರ್ಶಿಗಳು